ಎರಡನೇ ಪ್ರೂಫು

ಬಲ್ಮಠದ ಪ್ರೆಸ್ಸಿನಿಂದ ಬಂದ ಹಾಳೆ, ಇನ್ನೂ ಯಂತ್ರದ ಬಿಸಿ.
ಅಡುಗೆಮನೆಯ ಮೇಜೇ ನನ್ನ ಆಫೀಸು.
ಬೂತಾಯಿ ತೊಳೆದ ಕೈಗೆ ಎರಡು ಸಲ ಸೋಪು ಹಾಕಿದೆ,
ಆದರೂ ಮೂವತ್ತೊಂಬತ್ತನೇ ಪುಟದ ಮೂಲೆಗೆ
ಒಂದು ಹುರುಪೆ ಅಂಟಿತು,
ಪೂರ್ಣವಿರಾಮಕ್ಕಿಂತ ತುಸು ದೊಡ್ಡದು, ಹೊಳೆಯುತ್ತದೆ.

ಕೊರಿಯಾದ ಕತೆ.
ನಮ್ಮ ಮನೆಯಲ್ಲಿ ಆ ದೇಶದ್ದು ಅಂತ ಇದ್ದದ್ದು ಒಂದು ಫ್ರಿಜ್ಜು,
ಈಗ ಈ ಹೆಂಗಸು.

ಬೆಳಿಗ್ಗೆಯಿಂದ ಬಾಣಲೆಯ ಮುಂದೆ ಕೂತಿದ್ದಾಳೆ,
ಗಂಡನ ಅಜ್ಜನ ಅಪ್ಪನಿಗೆ ಕುಂಬಳದ ಬಿಲ್ಲೆ ಕರಿಯುತ್ತಾಳೆ.
ಅವನನ್ನು ಕಂಡವಳಲ್ಲ. ಅವನಿಗೇನು ಇಷ್ಟವೆಂದು ಬಾಯಿಪಾಠ.
ಗಂಡಸರು ಸಾಲಾಗಿ ಬಗ್ಗಿ ನಮಸ್ಕರಿಸುವಾಗ
ಬಾಗಿಲ ಹಿಂದೆ ನಿಂತು ಕೆಮ್ಮು ತಡೆದುಕೊಳ್ಳುತ್ತಾಳೆ.

ಮಗುವಿನ ಹೆಸರು ಒಂದು ಕಡೆ ಸೂಜಿನ್, ಇನ್ನೊಂದು ಕಡೆ ಸೂಚಿನ್.
ತಿದ್ದಿದೆ.
ಅವಳನ್ನು ಎಲ್ಲರೂ ಕರೆಯುವುದು ಸೂಜಿನ್‌ನ ಅಮ್ಮ ಎಂದೇ.
ಇಪ್ಪತ್ತು ಪುಟ ಹಿಂದೆ ಹೋಗಿ ಹುಡುಕಿದೆ.
ಅವಳ ಹೆಸರಿನಲ್ಲಿ ಒಂದೂ ತಪ್ಪಿಲ್ಲ,
ಹೆಸರೇ ಇಲ್ಲ.

ಕಿಮ್ಚಿಗೆ ಅಡಿಟಿಪ್ಪಣಿ ಉಂಟು: ಎಲೆಕೋಸಿನ ಖಾರದ ಉಪ್ಪಿನಕಾಯಿ.
ಹೆಂಗಸರು ಕೊನೆಗೆ, ನಿಂತುಕೊಂಡೇ, ಆರಿದ್ದನ್ನು ಉಂಡರು
ಎಂಬಲ್ಲಿ ಅನುವಾದಕಿ ಏನನ್ನೂ ವಿವರಿಸಿಲ್ಲ.
ನಮ್ಮ ಮೇಲೆ ಅಷ್ಟು ಭರವಸೆ.

ಅಣ್ಣ ಹೇಳುತ್ತಾನೆ, ನಮ್ಮಲ್ಲಿ ಹಾಗಲ್ಲ,
ನಮ್ಮದು ಅಳಿಯಕಟ್ಟು, ಹೆಣ್ಣಿನಿಂದಲೇ ಕುಟುಂಬ,
ಮನೆ ನಿನ್ನದೇ ಅಲ್ವಾ ಮಾರಾಯ್ತಿ.
ಹೌದು, ತೆರಿಗೆ ರಶೀದಿಯಲ್ಲಿ ಜಲಜಾಕ್ಷಿ ಶೆಡ್ತಿ,
ಎರಡೂ ಜಕಾರ ಸರಿಯಾಗಿ.
ಕಪಾಟಿನ ಬೀಗದ ಕೈ ಅವನ ಜೇಬಿನಲ್ಲಿ.
ಆಟಿಯ ಅಗೆಲಿಗೆ ಹದಿನೆಂಟು ಎಲೆ,
ಕೋಳಿಗೆ ಕಾಯಿ ಅರೆದು ರಟ್ಟೆ ಸೋತದ್ದು ನನ್ನದು,
ಬಡಿಸುವುದು ಅವನು.
ಒಂದು ವ್ಯತ್ಯಾಸ ಒಪ್ಪಬೇಕು:
ಯಾರಿಗೆ ಅರೆದೆನೋ ಅವರಲ್ಲಿ ಒಂದು ಮುಖ ನನಗೆ ಗೊತ್ತು.
ಕೋಣೆಯ ಬಾಗಿಲು ಮುಚ್ಚಿದ ಮೇಲೆ
ಒಳಗೆ ಅಮ್ಮ ಮೊದಲ ಪಂಕ್ತಿಯಲ್ಲಿ ಕೂತು
ಬಿಸಿ ಬಿಸಿ ಉಣ್ಣುತ್ತಾಳೆ ಅಂದುಕೊಳ್ಳುತ್ತೇನೆ.
ಅದಕ್ಕೆ ಅವಳು ಸಾಯಬೇಕಾಯಿತು.

ಕೊನೆಯ ಪುಟ. ಅನುವಾದಕಿಯ ಕೈಬರಹದಲ್ಲಿ:
ಪಾತ್ರೆ ಕವುಚಿಟ್ಟು ಅವಳು ನಿದ್ದೆ ಹೋದಳು.
ಪ್ರೆಸ್ಸಿನ ಡೊರಿನ್ ಟೈಪ್ ಮಾಡಿದ್ದು:
ಪಾತ್ರೆ ಕವುಚಿಟ್ಟು ಅವಳು ಎದ್ದು ಹೋದಳು.

ಇಂಥ ತಪ್ಪು ಮಾಡುವವಳಲ್ಲ ಡೊರಿನ್. ಫೋನು ಮಾಡಿದೆ.
ಓ, ಹಾಗೆ ಬಿತ್ತಾ? ಅತ್ತೆಗೆ ಗಂಜಿ ಕೊಟ್ಟು ಓಡಿ ಬಂದಿದ್ದೆ,
ಕಣ್ಣು ಎಲ್ಲಿತ್ತೋ, ಎಂದಳು.
ಆಮೇಲೆ ಸ್ವಲ್ಪ ಹೊತ್ತು
ಇಬ್ಬರೂ ಫೋನು ಇಡಲಿಲ್ಲ.

ಕೆಂಪು ಪೆನ್ನಿಗೆ ಎರಡಕ್ಷರದ ಕೆಲಸ.
ಇದ್ದದ್ದನ್ನು ಇದ್ದ ಹಾಗೆ ಇಡುವುದಕ್ಕೇ
ಮೂವತ್ತು ವರ್ಷ ಸಂಬಳ ತೆಗೆದುಕೊಂಡವಳು ನಾನು.
'ಎದ್ದು' ಅಡಿಯಲ್ಲಿ ಗೆರೆ ಎಳೆದು
ಅಂಚಿನಲ್ಲಿ ಒಂದು ಪ್ರಶ್ನೆ ಹಾಕಿದೆ.
ಅನುವಾದಕಿಯವರು ನೋಡಬೇಕು.

ಕುಚ್ಚಲಕ್ಕಿಯ ಕುಕ್ಕರು ಐದನೇ ಸಲ ಕೂಗಿತು.
ಎದ್ದು ಹೋದೆ,
ಒಲೆಯವರೆಗೆ.