ಕೊಸರು

ಬಾಗಲೂರಿನ ಶೆಡ್ಡಿನಲ್ಲಿ ಮೂರು ತಿಂಗಳು
ಪಿಳ್ಳಮ್ಮನ ಪಕ್ಕ ಕೂತಿದ್ದೆ.
ಅವಳ ಮುಂದೆ ಸೊಪ್ಪು, ನನ್ನ ಮುಂದೆ ಪರದೆ,
ನಮ್ಮಿಬ್ಬರ ನೆತ್ತಿಗೆ ಕ್ಯಾಮೆರಾ,
ಅದರ ಮೇಲೆ ತಗಡು,
ತಗಡಿನ ಮೇಲೆ ಐದು ನಿಮಿಷಕ್ಕೊಂದು ವಿಮಾನ.

ಎಲೆ ಎತ್ತಿ ಹೇಳುತ್ತಿದ್ದಳು: ಒಳ್ಳೇದು.
ನಾನು ಹಸಿರು ಗುಂಡಿ ಒತ್ತುತ್ತಿದ್ದೆ.
ಬಲಿತದ್ದು. ಕೆಂಪು.
ನೀರು ಕಟ್ಟಿದ್ದು, ನಾಳೆಗೆ ಕೊಳೀತದೆ. ಕೆಂಪು.
ಇದು ನೆಳಲಲ್ಲಿ ಬೆಳೆದದ್ದು, ಕಾಲುವೆ ಪಕ್ಕದ ಮಡಿ,
ಮುನಿಯಲ್ಲಪ್ಪಂದೇ ಇರ್ಬೇಕು ನೋಡು.
ಅದಕ್ಕೆ ಗುಂಡಿ ಇರಲಿಲ್ಲ.

ದಂಟು, ಪಾಲಕ್, ಸಬ್ಬಸಿಗೆ, ಚಕ್ಕೋತ,
ದಿನಕ್ಕೆ ಎರಡು ಸಾವಿರ ಎಲೆ.
ಬಾಯಿ ಅವಳದು, ಬೆರಳು ನನ್ನದು,
ಕಲಿಯುತ್ತಿದ್ದುದು ಬೇರೆ.

ತೂತಿನ ಎಲೆ ಬಂದಾಗ ಮಾತ್ರ ಜಗಳ.
"ಹುಳ ತಿಂದಿದೆ ಅಂದ್ರೆ ಔಷಧಿ ಹೊಡೆದಿಲ್ಲ ಅಂತ.
ಹುಳಕ್ಕೇ ಬೇಡವಾದದ್ದನ್ನ ಮಕ್ಕಳಿಗೆ ಬಡಿಸ್ತೀಯಾ?"
ಆಫೀಸಿನ ಹಾಳೆಯಲ್ಲಿ ಬರೆದಿತ್ತು, ತೂತಿದ್ದರೆ ತಿರಸ್ಕೃತ.
ಹಾಳೆ ತೋರಿಸಿದೆ.
ಅವಳಿಗೆ ಓದು ಬಾರದು,
ಬಟವಾಡೆ ಶನಿವಾರ ಎಂದು ಗೊತ್ತು.
ತೂತಿನ ಅಂಚನ್ನು ಬೆರಳಲ್ಲಿ ಒಮ್ಮೆ ಸವರಿ
"ಕೆಟ್ಟದ್ದು" ಅಂದಳು.
ಕೆಂಪು.

ಹಳೆಯದನ್ನು ಹೊಗಳಲು ಬಂದವಳಲ್ಲ ನಾನು.
ಮೊದಲಾದರೆ ರಾತ್ರಿ ಎರಡಕ್ಕೆದ್ದು ಹಣೆಗೆ ಬ್ಯಾಟರಿ ಕಟ್ಟಿ
ಕೆಸರ ಮಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೊಯ್ದು
ಕಲಾಸಿಪಾಳ್ಯಕ್ಕೆ ಹೇರಿದರೆ
ಮಂಡಿಯವನು ನೂರು ಕಟ್ಟಿಗೆ ಹತ್ತು ಸೋಡಿ ಎಳೆದುಕೊಂಡು
ಮೇಲೆ ಕಮಿಷನ್ ಹಿಡಿಯುತ್ತಿದ್ದ.
ಬಾಳೆನಾರು ಕೊಯ್ದ ಗೀರುಗಳು
ಇನ್ನೂ ಅವಳ ಬೆರಳಲ್ಲಿವೆ.
ಶೆಡ್ಡಿನಲ್ಲಿ ಫ್ಯಾನಿತ್ತು, ಕುರ್ಚಿಯಿತ್ತು.
ಕುರ್ಚಿಯಲ್ಲಿ ಕೂತು ಸೊಪ್ಪು ಆರಿಸೋದು
ಮದುವೆಗೆ ಬಂದಂಗದೆ ಎಂದು ನಕ್ಕಿದ್ದಳು.

ಅವಳ ಹಿಡಿಯೇ ಒಂದು ಅಳತೆ.
ಹೆಬ್ಬೆರಳು ನಡುಬೆರಳು ಮುಟ್ಟಿದರೆ ಒಂದು ಕಟ್ಟು;
ಮುಟ್ಟಿದ ಮೇಲೂ ಎರಡು ಕಡ್ಡಿ ಸಿಗಿಸುತ್ತಾಳೆ,
ಕೇಳದೆ, ಎಣಿಸದೆ, ಕೈ ತಾನಾಗೇ.
ಪ್ಯಾಕು ಮಾಡುವ ಯಂತ್ರ ಬಂದ ದಿನ
ಪರೀಕ್ಷೆಗೆ ಅವಳ ಕಟ್ಟುಗಳನ್ನೇ ಇಟ್ಟರು.
ನೂರು ಗ್ರಾಂ, ಮೇಲೆ ಎರಡು ಗ್ರಾಂ ಮಾಫಿ.
ಅವಳದು ನೂರ ಎಂಟು, ನೂರ ಒಂಬತ್ತು, ನೂರ ಎಂಟು.
ಕೀ ಕೀ ಕೀ ಎಂದು ಬಡಕೊಂಡು
ಬೆಲ್ಟು ನಿಂತೇ ಹೋಯಿತು.
ಇದೇನಮ್ಮ ಹೆಚ್ಚಿಗೆ, ಎಂದ ಎಂಜಿನಿಯರ್ ಹುಡುಗ.
"ಅದು ಕಟ್ಟಿಗೆ ಸೇರಿದ್ದಲ್ಲಪ್ಪ."

ಹದಿಮೂರನೆ ವಾರ ಕ್ಯಾಮೆರಾ
ನೂರಕ್ಕೆ ತೊಂಬತ್ತಾರು ಸರಿ ಹೇಳಿತು.
ಕೇಕು ತರಿಸಿದರು. ಪಿಳ್ಳಮ್ಮನಿಗೂ ಒಂದು ತುಂಡು,
ಜೊತೆಗೆ ಲೆಕ್ಕ ಚುಕ್ತಾ.
ಹನ್ನೊಂದು ಹೆಂಗಸರಲ್ಲಿ ಇಬ್ಬರು ಉಳಿದರು,
ಒಬ್ಬಳು ಕಸ ಗುಡಿಸಲು,
ಇನ್ನೊಬ್ಬಳು ಕ್ಯಾಮೆರಾದ ಗಾಜು ಒರೆಸಲು.
ನಾನೂ ಉಳಿದೆ.

ಹತ್ತು ಗುಂಟೆಯ ಮುನಿಯಲ್ಲಪ್ಪ
ನಾಲ್ಕು ಸಲ ಕ್ರೇಟು ವಾಪಸು ಹೊತ್ತ.
ಐದನೆ ಸಲ ತಂದ ಸೊಪ್ಪಿನಲ್ಲಿ ಒಂದೂ ತೂತಿಲ್ಲ,
ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.
ಮೂಗಿಗೆ ಹಿಡಿದೆ,
ಕೆಳಗಿಟ್ಟೆ.
ಪರದೆ ಪೂರ್ತಿ ಹಸಿರು.

ಮೊನ್ನೆ ಕೋಗಿಲು ಕ್ರಾಸಿನಲ್ಲಿ ಸಿಕ್ಕಳು.
ಹಾಸಿದ ಫ್ಲೆಕ್ಸಿನಲ್ಲಿ ಯಾರದೋ ಹುಟ್ಟುಹಬ್ಬದ ಮುಖ,
ಮುಖದ ಮೇಲೆ ಅರಿವೆ ಸೊಪ್ಪು.
ಎರಡು ಕಟ್ಟು ಕೊಂಡು ಫೋನು ಹಿಡಿದೆ,
ಡಬ್ಬಿ ಕೂಗಿತು: ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ.
ಆದರೂ ನಿಂತೇ ಇದ್ದೆ.
ಏನೇ, ಅಂದಳು.
ಕೊಸರು, ಅಂದೆ.
ಎಲೆಯಡಿಕೆಯ ಬಾಯಿ ತುಂಬ ನಕ್ಕಳು:
"ಇದ್ದಬದ್ದ ಕೊಸರೆಲ್ಲ ಆವತ್ತೇ
ನಿನ್ನ ಮಿಷನ್ನಿಗೆ ಹಾಕ್ಬಿಟ್ನಲ್ಲೇ ಮಗಾ."

ಮನೆಯಲ್ಲಿ ಕಟ್ಟು ಬಿಚ್ಚಿದೆ.
ತೂತು, ತೂತು, ತೂತು.
ಒಂದೆಲೆಯ ಬೆನ್ನಿಗೆ ಅಂಟಿದ್ದ ಹಸಿರು ಹುಳ
ತಿನ್ನುವುದನ್ನಿನ್ನೂ ನಿಲ್ಲಿಸಿರಲಿಲ್ಲ.