ಜುವೆಯ ತೂಬು

ಬರಕೋ ಕರಣಿಕ, ಶಾಯಿ ಒಣಗುವ ಮುಂಚೆ:
ಫಿರಂಗಿ ಎಷ್ಟು, ಮದ್ದಿನ ಪೀಪಾಯಿ ಎಷ್ಟು,
ಗೋಡೆಯಿಂದ ಬಿದ್ದವರೆಷ್ಟು, ಓಡಿದವರೆಷ್ಟು.
ಅದೆಲ್ಲ ನಿನಗೇ ಗೊತ್ತು.
ನಾನು ತೂಬಿನವಳು. ಹೆಸರು ಹಮ್ಮಿ.
ಅಘನಾಶಿನಿಯ ಗಜನಿಯಿಂದ
ಒಡ್ಡು ಕಟ್ಟಲು ಈ ನಡುಗಡ್ಡೆಗೆ ಬಂದವರ ಸೊಸೆ.
ಮಾಂಡವಿಯ ಉಬ್ಬರ ಯಾವ ಗಳಿಗೆಗೆ ಎಷ್ಟು ಗೇಣು
ಅದನ್ನು ಕೇಳು, ಹೇಳುತ್ತೇನೆ.

ಆ ರಾತ್ರಿ ನೀರು ಪೂರ್ತಿ ಇಳಿದಿತ್ತು.
ಮೊಣಕಾಲುದ್ದ ಕೆಸರಲ್ಲಿ ಹೂತು ಹೂತು
ಅವರು ದಾಟಿದರು, ಚಪ್ಪಲಿ ಸೊಂಟಕ್ಕೆ ಸಿಕ್ಕಿಸಿಕೊಂಡು.
ನಮ್ಮ ನಾಯಿ ಬೊಗಳಲಿಲ್ಲ.
ಏಡಿ ಹಿಡಿಯುವವರೆಂದು ನಾನೂ ಮಗ್ಗುಲಾದೆ.
ಬೆಳಕು ಹರಿದಾಗ ಕೋಟೆಯ ಬಾವುಟ ಬೇರೆ.
ಗದ್ದೆಯ ಕಗ್ಗ ಮಾತ್ರ ಅದೇ, ಕಾಳು ಬಲಿತು
ಇನ್ನೆಂಟು ದಿನಕ್ಕೆ ಕುಯ್ಲು.

ಮಾರನೆಯ ದಿನ ನಿಮ್ಮವರು ಬಂದರು,
ದೋಣಿ ತುಂಬ, ನಗಾರಿ ಬಡಿಯುತ್ತ.
ಸಂಜೆಗೆ ಓಡಿದರು, ನಗಾರಿ ಬಿಟ್ಟು.
ಆಗಲೇ ತೂಬಿನ ಹಲಗೆ ಎದ್ದದ್ದು,
ನದಿ ಒಳನುಗ್ಗಿದ್ದು, ಓಡುವ ದಾರಿಯೇ ಮುಳುಗಿದ್ದು.
ನಮ್ಮ ಸರದಾರನ ಉಪಾಯ ಎನ್ನುತ್ತಾರೆ ಮರಾಠರು.
ದೇವರ ಕೋಪ ಎನ್ನುತ್ತಾರೆ ನಿಮ್ಮ ಪಾದ್ರಿ.
ಎರಡನ್ನೂ ಬರಕೋ. ಕಾಗದ ನಿನ್ನದು.

ಈಗ ಲೇಖಣಿ ಕೆಳಗಿಡು.

ತೂಬಿನ ಪೆಟ್ಟಿಗೆಯಲ್ಲಿ ಒಬ್ಬ ಹುಡುಗ ಅಡಗಿದ್ದ.
ಯಾರ ಕಡೆಯವನೋ, ಕೆಸರು ಮೆತ್ತಿದ ಅಂಗಿಗೆ ಬಣ್ಣ ಎಲ್ಲಿಯದು?
ಕೇಳಿದೆ. ಉತ್ತರಕ್ಕೆ ಹಲ್ಲು ಕಟಕಟ ಎಂದವು.
ಉಬ್ಬರ ಏರುತ್ತಿತ್ತು. ಹೊರಗಿನ ನೀರಿನ ಒತ್ತಿಗೆ
ಹಲಗೆ ತಾನಾಗಿ ಮುಚ್ಚಿ ಅವನ ಕಾಲು ಕಚ್ಚಿತ್ತು.

ಹಾರೆ ಹಾಕಿ ಎತ್ತಿದೆ. ಒಬ್ಬಳೇ.
ಎತ್ತುವಾಗಲೇ ಗೊತ್ತಿತ್ತು,
ಬಾಯಿಗೆ ಉಪ್ಪು ಆಗಲೇ ಬಂದಿತ್ತು.
ಕಾಲು ಬಿಡಿಸಿಕೊಂಡ. ನೀರು ಅವನನ್ನು ಗದ್ದೆಗೆ ತಳ್ಳಿತು.
ತೆನೆಗಳ ನಡುವೆ ಕಪ್ಪು ತಲೆ ಎರಡು ಸಲ ಕಂಡಿತು.
ಮೂರನೆಯ ಸಲ ನೋಡಿದರೆ ತೆನೆಯೇ ಇರಲಿಲ್ಲ.

ಹಲಗೆ ಮತ್ತೆ ಇಳಿಯಲಿಲ್ಲ. ಒಡ್ಡು ಬಿರಿಯಿತು.
ಅದರ ಮೇಲೆ ಓಡುತ್ತಿದ್ದವರು ಎಷ್ಟು ಜನ ಕರಣಿಕ?
ಲೆಕ್ಕ ನಿನ್ನ ಹತ್ತಿರ ಇದೆ.
ಬೇಡ. ಹೇಳಬೇಡ.

ಕೋಟೆಯ ಗಲಾಟೆ ಎರಡು ದಿನ ಎಂದು ಬರೆದಿದ್ದೀ, ಸರಿ.
ಗದ್ದೆಗೆ ಹೊಕ್ಕ ಉಪ್ಪು ಇನ್ನೂ ಎದ್ದು ಹೋಗಿಲ್ಲ.
ಮೂರು ಮಳೆ ತೊಳೆಯಬೇಕು ಎನ್ನುತ್ತಾನೆ ಮಾವ,
ಮಣ್ಣು ನಾಲಿಗೆಗೆ ಹಚ್ಚಿ, ಉಗುಳಿ.
ನಾನು ದಿನಾ ಕತ್ತಲಾಗುವ ಮುಂಚೆ
ಆ ನೀರಿಗೆ ಒಂದು ಸುತ್ತು ಹಾಕಿ ಬರುತ್ತೇನೆ,
ಬಲೆ ಹಿಡಿದಿರುತ್ತೇನೆ, ಯಾರೂ ಕೇಳುವುದಿಲ್ಲ.

ಇಗೋ, ಮಡ್ಲೆ ಮೀನು, ನಿನ್ನ ಮನೆಗೆ ನಾಲ್ಕು.
ತೆಗೆದುಕೋ. ತೆಗೆದುಕೊಂಡು
ಈ ವರ್ಷದ ತೆರಿಗೆ ಮಾಫಿ ಎಂದು
ಅದೊಂದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆ.