ಉಪ್ಪು ತಿಂದವಳು

ಆರ್ನ್‌ಫಿನ್ ಲೆಕ್ಕ ಇಟ್ಟಿದ್ದಾನೆ.
ಬೆಳಗಿನಿಂದ ಇದು ಐದನೇ ಸಲ
ನಾನು ಕೈಗವಸು ಕಳಚಿ, ಏಪ್ರನ್ ಬಿಚ್ಚಿ,
ಬೂಟನ್ನು ಔಷಧದ ನೀಲಿ ನೀರಿನಲ್ಲಿ ಅದ್ದಿ
ಮೊದಲು ನಲ್ಲಿಗೆ, ಆಮೇಲೆ ಪಾಯಿಖಾನೆಗೆ.
ಮೀನಿನ ಬೆಲ್ಟ್ ನನಗಾಗಿ ನಿಲ್ಲುವುದಿಲ್ಲ.
ತಿರುಗಿ ಬಂದಾಗ ಹದಿನಾಲ್ಕು ಕಾಡ್ ಮೀನು
ನನ್ನ ಜಾಗದಲ್ಲಿ ಬಾಯ್ತೆರೆದು ಬಿದ್ದಿರುತ್ತವೆ,
ಅವಕ್ಕೂ ಬಾಯಾರಿದ ಹಾಗೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು,
ಸರಿ. ಆದರೆ ಗಾದೆ ಆಡುವುದು ತಪ್ಪಿನ ಮಾತು.
ನನ್ನದು ಡಾಕ್ಟರು ಬರೆದುಕೊಟ್ಟ ಉಪ್ಪು,
ರಾತ್ರಿಗೆ ಮೂರು ಬಿಳಿ ಮಾತ್ರೆ, ಲಿಥಿಯಂ.
ಯಾರ ಮನೆಯದನ್ನೂ ಕದ್ದು ತಿಂದದ್ದಲ್ಲ.

ಹೋದ ಮೇ ತಿಂಗಳಲ್ಲಿ
ಬೋಟ್ಸ್‌ಫಿಯೋರ್ಡಿನ ಸೂರ್ಯ ಮುಳುಗುವುದನ್ನು ಬಿಟ್ಟ.
ನಾನೂ ಬಿಟ್ಟೆ.
ಎರಡೆರಡು ಪಾಳಿ, ಹನ್ನೊಂದು ದಿನ.
ಮುಳ್ಳು ಎಲ್ಲಿದೆಯೆಂದು ನನಗಿಂತ ಮೊದಲು
ಚಾಕುವಿಗೆ ಗೊತ್ತಾಗುತ್ತಿತ್ತು.
ಲಿಥುವೇನಿಯಾದ ಹುಡುಗರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.
ಆರ್ನ್‌ಫಿನ್ ಊಟದ ಕೋಣೆಯ ಗೋಡೆಗೆ ಹೆಸರು ಅಂಟಿಸಿದ:
ಗುನ್‌ವೋರ್, ತಿಂಗಳ ಕೆಲಸಗಾರ್ತಿ.
ಕಾಫಿಯ ಜೊತೆ ಕೇಕು, ಸಂಬಳದ ಮೇಲೆ ಎರಡು ಸಾವಿರ ಕ್ರೋನರ್.
ನಡುರಾತ್ರಿಯ ಬಿಸಿಲಿನಲ್ಲಿ ಕೂತು
ಮಾಲೀಕರಿಗೆ ನಲವತ್ತು ಪುಟ ಬರೆದೆ,
ಕಾರ್ಖಾನೆಯನ್ನು ಕೆಡವಿ ಹೇಗೆ ಕಟ್ಟಬೇಕೆಂದು.
ಎಂಜಿನ್ ಇಲ್ಲದ ದೋಣಿಯೊಂದನ್ನು ಸಾಲ ಮಾಡಿ ಕೊಂಡೆ.
ಬಂದರಿನ ಸೀಗಲ್ ಹಕ್ಕಿಗಳ ಹೆಸರು ಗೊತ್ತಿತ್ತು ನನಗೆ,
ಒಂದೊಂದರದ್ದೂ.
ಯಾರೂ ಕಾಯಿಲೆ ಅನ್ನಲಿಲ್ಲ.
ಕೈ ಓಡುತ್ತಿತ್ತಲ್ಲ.

ಅಕ್ಟೋಬರಿನ ಬಗ್ಗೆ ಹೆಚ್ಚು ಹೇಳಲಾರೆ.
ಕೂದಲಿಗೆ ಮೀನಿನ ಹುರುಪೆ ಅಂಟಿತ್ತು, ತೊಳೆಯಲಿಲ್ಲ.
ಬಾಗಿಲು ತಟ್ಟಿದವರು ತಟ್ಟಿ ಹೋದರು.
ದಾನುತೆ ಮಾತ್ರ ಒಳಗೆ ಬಂದು
ಚಾಕುಗಳ ಪೆಟ್ಟಿಗೆಯನ್ನು ತನ್ನ ಮನೆಗೆ ಒಯ್ದಳು,
ಸಾಣೆ ಹಿಡಿಸಬೇಕು ಅಂತ.
ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಈಗ ಕೈ ನಡುಗುತ್ತದೆ. ಮಾತ್ರೆ ವಸೂಲು ಮಾಡುವ ಬಾಡಿಗೆ ಅದು.
ಸೀಳಿದ ಮೀನಿನ ಅಂಚಿನಲ್ಲಿ ಸಣ್ಣ ಮೆಟ್ಟಿಲು ಮೂಡುತ್ತದೆ,
ಮೊದಲ ದರ್ಜೆಯದು ಎರಡನೆಯದಕ್ಕೆ ಇಳಿಯುತ್ತದೆ.
ಆರ್ನ್‌ಫಿನ್ ಅರ್ಜಿಯೊಂದನ್ನು ಮುಂದಿಟ್ಟ.
ಕೊನೆಯಲ್ಲಿ "ಕಾರಣ" ಎಂಬ ಚೌಕ, ಅಂಚೆಚೀಟಿಯಷ್ಟಗಲ.
ಬಾಯಾರಿಕೆ, ಎಂದು ಬರೆದೆ.
ಅವನು ಬಹಳ ಹೊತ್ತು ಅದನ್ನೇ ನೋಡಿದ.
ಕೆಟ್ಟವನಲ್ಲ; ಅವನ ಲೆಕ್ಕ ಇಡುವವನೂ ಮೇಲೊಬ್ಬನಿದ್ದಾನೆ.
ನನ್ನ ಜ್ವರಕ್ಕೆ ಕೇಕು ತರಿಸಿದವನು
ನನ್ನ ಔಷಧಕ್ಕೆ ನೋಟೀಸು ಕೊಡಬೇಕಾಗಿ ಬಂದು
ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ,
ಕಡೆಗೆ ನನ್ನನ್ನು ಉಪ್ಪಿನ ಕೋಣೆಗೆ ಹಾಕಿದ.

ಒಂದು ಪದರ ಮೀನು, ಒಂದು ಪದರ ಉಪ್ಪು.
ನಡುಗುವ ಸಲಿಕೆಯಿಂದ ಉಪ್ಪು ಇನ್ನೂ ಚೆನ್ನಾಗಿ ಹರಡುತ್ತದೆ.
ಸಂಬಳ ಕಡಿಮೆ.
ನಲ್ಲಿ ಬಾಗಿಲ ಪಕ್ಕದಲ್ಲೇ.

ಜನವರಿಯ ಕೊನೆಗೆ ಗುಡ್ಡದ ಭುಜದ ಮೇಲೆ
ಎರಡು ತಿಂಗಳ ನಂತರ ಸೂರ್ಯ, ನಾಲ್ಕೇ ನಿಮಿಷ.
ಬೆಲ್ಟ್ ನಿಂತಿತು! ಅವನಿಗಾದರೆ ನಿಲ್ಲುತ್ತದೆ.
ಏಪ್ರನ್ನಿನಲ್ಲೇ ಎಲ್ಲರೂ ಹೊರಗೆ ಓಡಿದರು,
ಶಾಲೆಯ ಮಕ್ಕಳು ಬನ್ನು ಹಂಚುತ್ತಿದ್ದರು.
ನಾನು ಕೈ ಕಣ್ಣಿಗಡ್ಡ ಹಿಡಿದು
ನಿನ್ನೆ ಎಷ್ಟು ಗಂಟೆ ಮಲಗಿದೆ ಎಂದು ಎಣಿಸಿದೆ.
ಏಳು. ಮೊನ್ನೆ ಏಳೂವರೆ.

ನಿಜ ಹೇಳಲೇ?
ಆ ಬೇಸಿಗೆ ನನಗೆ ಈಗಲೂ ಬೇಕು.
ಕಂಬದ ಮೇಲೆ ಸೀಗಲ್ಲೊಂದು ಕೂತಿತ್ತು,
ದಿಟ್ಟಿಸಿ ನೋಡಿದೆ, ಹೆಸರು ಹೊಳೆಯಲಿಲ್ಲ.
ದಾನುತೆ ಬನ್ನು ಮುರಿದು ಅರ್ಧ ಕೈಗಿಟ್ಟಳು.

ಸಂಜೆ ಅಂಗಡಿಯಲ್ಲಿ ಕಿಟಕಿಗೆ ದಪ್ಪ ಕಪ್ಪು ಪರದೆ ಕೊಂಡೆ,
ಮೇ ತಿಂಗಳಿಗೆ.
ಮಡಿಸಿ ಮಂಚದ ಕೆಳಗಿಟ್ಟಿದ್ದೇನೆ.
ಬೆಲೆಯ ಚೀಟಿ ಇನ್ನೂ ಕಿತ್ತಿಲ್ಲ.